ತಿರುಗುವ ಏಣಿ, ಎರಡನೇ ದಾರಿ

ಬೆಳಗಿನ ಜಾವ. ಇನ್ನೂ ಕತ್ತಲು ಹರಿದಿಲ್ಲ. ಮಾರಿಕುಪ್ಪಂ ನಿಲ್ದಾಣದಲ್ಲಿ ರೈಲು ನಿಂತಿದೆ. ಜನ ಓಡೋಡಿ ಬಂದು ಹತ್ತುತ್ತಾರೆ. ಕೈಯಲ್ಲಿ ಬುತ್ತಿ, ಹೆಗಲಲ್ಲಿ ಚೀಲ. ಚಾಂಪಿಯನ್, ಉರಿಗಾಂ, ಕೋರಮಂಡಲ್ ದಾಟಿ ರೈಲು ಬಂಗಾರಪೇಟೆಗೆ ಬರುತ್ತದೆ. ಅಲ್ಲಿ ಇನ್ನಷ್ಟು ಜನ. ಬಹಳ ಮಂದಿ ಬೆಂಗಳೂರಿಗೆ ಕೆಲಸಕ್ಕೆ ಹೊರಟವರು.

ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದಕ್ಕೆ ಮುಂಚೆ ಇಲ್ಲಿಯ ಜನ ನೆಲದ ಒಳಗೆ ಇಳಿದು ದುಡಿದರು. ಮೂರು ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೂ ಇಳಿದರು. ಈಗ ಅವರ ಮಕ್ಕಳು, ಮೊಮ್ಮಕ್ಕಳು ಮೇಲಕ್ಕೆ ಹತ್ತಿ ದುಡಿಯುತ್ತಾರೆ. ಕೆಲವರು ನಾಲ್ಕನೇ ಮಹಡಿಯಲ್ಲಿ, ಕೆಲವರು ಏಳನೇ ಮಹಡಿಯಲ್ಲಿ.

ಆಳಕ್ಕೆ ಇಳಿದವರಿಗೂ ಎತ್ತರಕ್ಕೆ ಹತ್ತಿದವರಿಗೂ ಪ್ರಶ್ನೆ ಒಂದೇ. ಅವಘಡ ಆದರೆ ಹೊರಗೆ ಬರುವುದು ಹೇಗೆ? ಬಂದ ದಾರಿ ಮುಚ್ಚಿಹೋದರೆ ಇನ್ನೊಂದು ದಾರಿ ಇದೆಯೆ?

ಈ ಇನ್ನೊಂದು ದಾರಿಗಾಗಿ ಜನ ಬಹಳ ಕಾಲದಿಂದ ಹುಡುಕಿದ್ದಾರೆ. ಹಾಗೆ ಹುಡುಕಿದಾಗ ಸಿಕ್ಕಿದ್ದು ಒಂದು ವಿಶೇಷ ಏಣಿ. ಅದು ಗಾಡಿಯ ಮೇಲೆ ಕೂತಿರುತ್ತದೆ. ತಾನೇ ಏಳುತ್ತದೆ, ತಾನೇ ಉದ್ದ ಆಗುತ್ತದೆ, ಸುತ್ತಲೂ ತಿರುಗುತ್ತದೆ. ಅದರ ಕತೆಯನ್ನು ತಿಳಿಯೋಣ ಬನ್ನಿ.

ಹೊಗೆ ಮೆಟ್ಟಿಲು ಹತ್ತುತ್ತದೆ

ಒಲೆ ಹಚ್ಚಿದಾಗ ಹೊಗೆ ಎಲ್ಲಿಗೆ ಹೋಗುತ್ತದೆ? ಮೇಲಕ್ಕೆ. ಅದಕ್ಕೇ ಅಡುಗೆ ಮನೆಯ ಮಾಡಿನಲ್ಲಿ ಗವಾಕ್ಷಿ ಬಿಡುತ್ತೇವೆ. ಹೊಗೆ ಅಲ್ಲಿಂದ ಆಚೆ ಹೋಗುತ್ತದೆ.

ಮಹಡಿ ಕಟ್ಟಡದಲ್ಲಿ ಹೊಗೆ ಮೇಲೆ ಹೋಗಲು ಸುಲಭವಾದ ದಾರಿ ಯಾವುದು? ಮೆಟ್ಟಿಲು. ನಾವು ಹತ್ತುವ ಮೆಟ್ಟಿಲನ್ನೇ ಹೊಗೆಯೂ ಹತ್ತುತ್ತದೆ. ಕೆಳಗಿನ ಮಹಡಿಯಲ್ಲಿ ಬೆಂಕಿ ಬಿದ್ದರೆ, ಸ್ವಲ್ಪ ಹೊತ್ತಿನಲ್ಲೇ ಮೆಟ್ಟಿಲು ಹೊಗೆಯಿಂದ ತುಂಬುತ್ತದೆ. ಕಣ್ಣು ಕಾಣುವುದಿಲ್ಲ. ಉಸಿರು ಕಟ್ಟುತ್ತದೆ. ಬೆಂಕಿ ಅವಘಡದಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರೇ ಹೆಚ್ಚು.

ಮೆಟ್ಟಿಲಲ್ಲಿ ಹೊಗೆ ತುಂಬಿದರೆ ಮೇಲಿನವರು ಏನು ಮಾಡಬೇಕು? ಕಿಟಕಿಗೆ ಬರುತ್ತಾರೆ. ಕಾಪಾಡಿ ಎಂದು ಕೂಗುತ್ತಾರೆ. ಆಗ ಹೊರಗಿನಿಂದ ಒಂದು ದಾರಿ ಬೇಕು. ಆ ದಾರಿಯೇ ಏಣಿ.

ಸಾದಾ ಏಣಿಯ ಕಷ್ಟ

ಏಣಿ ನಮಗೆ ಹೊಸದಲ್ಲ. ಮಾಡಿನ ಹೆಂಚು ಸರಿ ಮಾಡೋಕೆ ಏಣಿ ಬೇಕು. ಹುಣಸೆ ಮರ ಹತ್ತೋಕೆ ಏಣಿ ಬೇಕು. ಆದರೆ ಸಾದಾ ಏಣಿಗೆ ಮೂರು ಕಷ್ಟ.

ಒಂದು, ಅದಕ್ಕೆ ಒರಗಿಕೊಳ್ಳಲು ಗೋಡೆ ಬೇಕು. ಗೋಡೆಯೇ ಉರಿಯುತ್ತಿದ್ದರೆ ಎಲ್ಲಿಗೆ ಒರಗಿಸೋದು?

ಎರಡು, ಉದ್ದ ಹೆಚ್ಚಿದಂತೆ ಏಣಿ ಬಾಗುತ್ತದೆ. ಭಾರವೂ ಹೆಚ್ಚು. ಎತ್ತಿ ನಿಲ್ಲಿಸಲು ಹತ್ತು ಕೈ ಬೇಕು.

ಮೂರು, ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಹೋಗಬೇಕಾದರೆ ಏಣಿ ಇಳಿಸಿ, ಹೊತ್ತು, ಮತ್ತೆ ನಿಲ್ಲಿಸಬೇಕು. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಬ್ರಿಟನ್ನಿನಲ್ಲಿ ಇದಕ್ಕೆ ಒಂದು ಉಪಾಯ ಮಾಡಿದರು. ಏಣಿಗೆ ಎರಡು ದೊಡ್ಡ ಗಾಲಿ ಕಟ್ಟಿದರು. ನಮ್ಮ ಎತ್ತಿನ ಗಾಡಿಯ ಗಾಲಿಯ ಹಾಗೆ. ತಳ್ಳಿಕೊಂಡು ಹೋಗಿ ಗೋಡೆಗೆ ನಿಲ್ಲಿಸುತ್ತಿದ್ದರು. ಅದರ ಉದ್ದ ಸುಮಾರು 50 ಅಡಿ. ಮೂರು ನಾಲ್ಕು ಮಹಡಿಗೆ ಸಾಕಾಗುತ್ತಿತ್ತು. ಅದಕ್ಕಿಂತ ಎತ್ತರಕ್ಕೆ ಸಾಲದು.

1902ರ ಜೂನ್ ತಿಂಗಳಲ್ಲಿ ಲಂಡನ್ ನಗರದಲ್ಲಿ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಕ್ವೀನ್ ವಿಕ್ಟೋರಿಯಾ ಬೀದಿಯ ಕಟ್ಟಡ. ಮೇಲಿನ ಮಹಡಿಯಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುತ್ತಿದ್ದರು. ಏಣಿ ಬಂತು. ಆದರೆ ಅವರಿದ್ದ ಕಿಟಕಿಗೆ ಮುಟ್ಟಲಿಲ್ಲ. ಕೆಳಗೆ ಜನ ನೋಡುತ್ತಿದ್ದಂತೆ ಯುವತಿಯರು ಪ್ರಾಣ ಕಳೆದುಕೊಂಡರು. ಇನ್ನೂ ಉದ್ದದ ಏಣಿ ಬೇಕು ಎಂಬ ಕೂಗು ಎದ್ದಿತು.

ರಾಗಿ ಕಲ್ಲಿನ ಹಾಗೆ

ಉದ್ದದ ಏಣಿ ಆ ಹೊತ್ತಿಗೆ ಜರ್ಮನಿಯಲ್ಲಿ ಇತ್ತು. ಉಲ್ಮ್ ಎಂಬುದು ಅಲ್ಲಿಯ ಒಂದು ಊರು. ಅಲ್ಲಿ ಮಾಗಿರಸ್ ಎಂಬ ವ್ಯಾಪಾರಿ ಇದ್ದರು. ಊರಿನ ಬೆಂಕಿ ಆರಿಸುವ ದಳಕ್ಕೂ ಅವರೇ ಮುಖ್ಯಸ್ಥರು. 1864ರಲ್ಲಿ ಅವರು ಬೆಂಕಿ ಆರಿಸುವ ಸಾಮಾನು ಮಾಡುವ ಕಾರ್ಖಾನೆ ಶುರುಮಾಡಿದರು. 1892ರಲ್ಲಿ ಆ ಕಾರ್ಖಾನೆ ತಿರುಗುವ ಏಣಿಯನ್ನು ತಯಾರು ಮಾಡಿತು. ಅದನ್ನು ಕುದುರೆಗಳು ಎಳೆಯುತ್ತಿದ್ದವು. ಆಮೇಲೆ ಮೋಟಾರು ಗಾಡಿಗೆ ಏಣಿ ಏರಿಸಿದರು.

ಏಣಿ ತಿರುಗೋದು ಹೇಗೆ? ರಾಗಿ ಬೀಸುವ ಕಲ್ಲನ್ನು ನೆನಪು ಮಾಡಿಕೊಳ್ಳಿ. ಕೆಳಗಿನ ಕಲ್ಲು ಅಲುಗಾಡುವುದಿಲ್ಲ. ಮೇಲಿನ ಕಲ್ಲು ಸುತ್ತ ತಿರುಗುತ್ತದೆ. ಇಲ್ಲೂ ಹಾಗೆ. ಗಾಡಿ ಕೆಳಗಿನ ಕಲ್ಲು. ಅದರ ಮೇಲೆ ಒಂದು ದೊಡ್ಡ ಉಕ್ಕಿನ ತಟ್ಟೆ. ಅದು ಮೇಲಿನ ಕಲ್ಲು. ಏಣಿಯ ಬುಡ ಆ ತಟ್ಟೆಯ ಮೇಲೆ ಕೂತಿದೆ. ಗಾಡಿ ನಿಂತ ಕಡೆಯೇ ನಿಂತಿರುತ್ತದೆ. ಏಣಿ ಮಾತ್ರ ಎಡಕ್ಕೆ, ಬಲಕ್ಕೆ, ಹಿಂದಕ್ಕೆ ಸುತ್ತುತ್ತದೆ. ಒಂದು ಕಿಟಕಿಯ ಜನರನ್ನು ಇಳಿಸಿದ ಮೇಲೆ ಇನ್ನೊಂದು ಕಿಟಕಿಗೆ ತಿರುಗಿಸಬಹುದು.

ಏಣಿ ಉದ್ದ ಆಗೋದು ಹೇಗೆ? ಏಣಿ ಒಂದೇ ತುಂಡು ಅಲ್ಲ. ಮೂರು ನಾಲ್ಕು ತುಂಡುಗಳು ಒಂದರೊಳಗೆ ಒಂದು ಕೂತಿರುತ್ತವೆ. ಉಕ್ಕಿನ ಹಗ್ಗ ಮತ್ತು ರಾಟೆ ಅವನ್ನು ಹೊರಕ್ಕೆ ಎಳೆಯುತ್ತವೆ. ಗಣಿ ಊರಿನವರಿಗೆ ಇದು ಬೇಗ ಅರ್ಥವಾಗುತ್ತದೆ. ಶಾಫ್ಟಿನ ಮೇಲಿನ ದೊಡ್ಡ ಚಕ್ರ ನೋಡಿದ್ದೀರಿ ಅಲ್ವಾ? ಆ ಚಕ್ರದ ಮೇಲೆ ಉಕ್ಕಿನ ಹಗ್ಗ ಓಡುತ್ತಿತ್ತು. ಕೆಲಸಗಾರರ ಕೇಜು ಇಳಿಯುತ್ತಿತ್ತು, ಏರುತ್ತಿತ್ತು. ಏಣಿಯಲ್ಲೂ ಅದೇ ಕೆಲಸ, ಚಿಕ್ಕದಾಗಿ.

ಗಾಡಿ ಮಗುಚಿ ಬೀಳೋದಿಲ್ವಾ? ಮೂಟೆ ಎತ್ತುವವರನ್ನು ನೋಡಿ. ಕಾಲು ಅಗಲಿಸಿ ನಿಂತು ಎತ್ತುತ್ತಾರೆ. ಈ ಗಾಡಿಗೂ ಕಾಲುಗಳಿವೆ. ಏಣಿ ಎತ್ತುವ ಮುಂಚೆ ಗಾಡಿಯ ಎರಡೂ ಪಕ್ಕದಲ್ಲಿ ಉಕ್ಕಿನ ಕಾಲು ಊರುತ್ತಾರೆ. ಆಮೇಲೆ ಏಣಿ ಏಳುತ್ತದೆ. ಅದಕ್ಕೆ ಗೋಡೆ ಬೇಕಿಲ್ಲ. ಗಾಳಿಯಲ್ಲೇ ನಿಲ್ಲುತ್ತದೆ.

ಬಾಂಬು ಮತ್ತು ಏಣಿ

1939ರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಜರ್ಮನಿ ಮತ್ತು ಬ್ರಿಟನ್ ಶತ್ರುಗಳಾದವು. 1940ರ ಸೆಪ್ಟೆಂಬರಿನಿಂದ ಜರ್ಮನಿಯ ವಿಮಾನಗಳು ಲಂಡನ್ ಮೇಲೆ ರಾತ್ರಿ ರಾತ್ರಿ ಬಾಂಬು ಸುರಿದವು. ಬೀದಿ ಬೀದಿ ಹತ್ತಿ ಉರಿಯಿತು.

ಬೆಂಕಿ ಆರಿಸುವವರು ಏಣಿಯ ತುದಿಗೆ ಹತ್ತಿ ನಿಂತರು. ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮೇಲಿನಿಂದ ನೀರು ಬಿಟ್ಟರು. ಲಂಡನ್ನಿನ ಕೆಲವು ಏಣಿಗಳು ಯುದ್ಧಕ್ಕೆ ಮುಂಚೆ ಜರ್ಮನಿಯಿಂದಲೇ ಬಂದವು. ಜರ್ಮನಿಯ ಬಾಂಬು ಹಚ್ಚಿದ ಬೆಂಕಿಯನ್ನು ಜರ್ಮನಿಯ ಏಣಿ ಮೇಲೆ ನಿಂತು ಆರಿಸಿದರು!

ಯುದ್ಧದಲ್ಲಿ ಶತ್ರು ದೇಶದಿಂದ ಹೊಸ ಏಣಿ ಬರುವುದು ನಿಂತಿತು. ಆಗ ಲಂಡನ್ನಿನ ಮೆರಿವೆದರ್ ಎಂಬ ಹಳೆಯ ಕಂಪನಿ ಏಣಿಗಳನ್ನು ಮಾಡಿಕೊಟ್ಟಿತು. ಕೆಲವು ಏಣಿ 100 ಅಡಿ ಉದ್ದ. ಕೆಲವು 60 ಅಡಿ. 60 ಅಡಿಯ ಏಣಿಯನ್ನು ಕೈಯಿಂದಲೇ ತಿರುಗಿಸಿ ಎತ್ತಬೇಕಿತ್ತು.

ಇನ್ನೊಂದು ಬದಲಾವಣೆಯೂ ಆಯಿತು. ಯುದ್ಧಕ್ಕೆ ಮುಂಚೆ ಬ್ರಿಟನ್ನಿನಲ್ಲಿ 1,600ಕ್ಕೂ ಹೆಚ್ಚು ಬೆಂಕಿ ದಳಗಳಿದ್ದವು. ಒಂದೊಂದು ಊರಿಗೆ ಒಂದೊಂದು. ಒಬ್ಬರ ಪೈಪು ಇನ್ನೊಬ್ಬರ ನಲ್ಲಿಗೆ ಕೂಡದ ಕಡೆಯೂ ಇತ್ತು. 1941ರಲ್ಲಿ ಎಲ್ಲವನ್ನೂ ಸೇರಿಸಿ ಒಂದೇ ದಳ ಮಾಡಿದರು.

ನಮ್ಮ ದೇಶವೂ ಆ ಕಾಲದಲ್ಲಿ ದೊಡ್ಡ ಬೆಂಕಿಯನ್ನು ಕಂಡಿತು. 1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನಲ್ಲಿ ಒಂದು ಹಡಗಿಗೆ ಬೆಂಕಿ ಹತ್ತಿತು. ಹಡಗಿನಲ್ಲಿ ಹತ್ತಿ ಮೂಟೆಯೂ ಇತ್ತು, ಮದ್ದುಗುಂಡೂ ಇತ್ತು. ಅದು ಸಿಡಿಯಿತು. ಬೆಂಕಿ ಆರಿಸಲು ಹೋದ 66 ಸಿಬ್ಬಂದಿ ಸತ್ತರು. ಅವರ ನೆನಪಿಗೆ ಪ್ರತಿ ವರ್ಷ ಏಪ್ರಿಲ್ 14ರಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ.

ಯುದ್ಧ ಮುಗಿದ ಮೇಲೆ

1945ರಲ್ಲಿ ಯುದ್ಧ ಮುಗಿಯಿತು. 1948ರ ಏಪ್ರಿಲ್ 1ರಂದು ಬ್ರಿಟನ್ ಸರಕಾರ ಬೆಂಕಿ ದಳಗಳನ್ನು ಮತ್ತೆ ಸ್ಥಳೀಯ ಆಡಳಿತಗಳಿಗೆ ಒಪ್ಪಿಸಿತು. ಆದರೆ ಹಿಂದಿನಷ್ಟು ಚೂರು ಚೂರಾಗಿ ಅಲ್ಲ. ಈಗ ದಳಗಳ ಸಂಖ್ಯೆ ಕಡಿಮೆ, ಗಾತ್ರ ದೊಡ್ಡದು.

ಯುದ್ಧದ ಕಾಲದ ಏಣಿಗಳು ಹಳೆಯದಾಗಿದ್ದವು. ಹೊಸವು ಬೇಕು. 1950ರ ದಶಕದಲ್ಲಿ ಒಂದು ವಿಚಿತ್ರ ನಡೆಯಿತು. ಬ್ರಿಟನ್ನಿನ ಡೆನ್ನಿಸ್ ಕಂಪನಿ ಲಾರಿ ಮಾಡಿತು. ಅದರ ಮೇಲಿನ ಏಣಿ ಜರ್ಮನಿಯ ಮೆಟ್ಜ್ ಕಂಪನಿಯದು. ನಿನ್ನೆ ಮೊನ್ನೆ ಹೊಡೆದಾಡಿದ ಎರಡು ದೇಶಗಳ ಕೈಕೆಲಸ ಒಂದೇ ಗಾಡಿಯಲ್ಲಿ ಸೇರಿತು. ಕಿಟಕಿಯಲ್ಲಿ ನಿಂತು ಕೂಗುವವರಿಗೆ ಏಣಿ ಯಾವ ದೇಶದ್ದಾದರೇನು?

ಈ ಏಣಿಗಳ ಉದ್ದ ಸಾಮಾನ್ಯವಾಗಿ 100 ಅಡಿ. ಅಂದರೆ ಸುಮಾರು 30 ಮೀಟರ್. ಏಣಿ ನಡೆಸುವವರು ಕೆಳಗೆ ತಟ್ಟೆಯ ಮೇಲೆ ನಿಲ್ಲುತ್ತಿದ್ದರು. ತುದಿಯಲ್ಲಿ ಇರುವವರೊಡನೆ ತಂತಿಯ ಮೂಲಕ ಮಾತಾಡುತ್ತಿದ್ದರು. ಏಣಿ ಅತಿಯಾಗಿ ವಾಲಿದರೆ ತಾನೇ ನಿಲ್ಲುವ ಏರ್ಪಾಟೂ ಬಂತು.

ಎಣ್ಣೆಯ ಬಲ

ಮೊದಲು ಏಣಿಯನ್ನು ಹಲ್ಲಿನ ಚಕ್ರಗಳು ಎತ್ತುತ್ತಿದ್ದವು. ಯುದ್ಧದ ನಂತರ ಎಣ್ಣೆಯ ಒತ್ತಡದಿಂದ ಎತ್ತುವ ಏಣಿಗಳು ಬಂದವು. ಎಣ್ಣೆ ಏಣಿಯನ್ನು ಎತ್ತುತ್ತದೆಯೆ? ಹೌದು, ಎತ್ತುತ್ತದೆ.

ಗಾಳಿಯನ್ನು ಒತ್ತಿ ಚಿಕ್ಕದು ಮಾಡಬಹುದು. ಸೈಕಲ್ ಪಂಪಿನಲ್ಲಿ ಅದನ್ನೇ ಮಾಡುತ್ತೇವೆ. ಎಣ್ಣೆಯನ್ನು ಹಾಗೆ ಒತ್ತಿ ಚಿಕ್ಕದು ಮಾಡಲು ಆಗುವುದಿಲ್ಲ. ಕೊಳವೆಯ ಒಂದು ತುದಿಯಲ್ಲಿ ಒತ್ತಿದರೆ ಅದು ಇನ್ನೊಂದು ತುದಿಯನ್ನು ತಳ್ಳುತ್ತದೆ. ಆ ತುದಿಯ ಕೊಳವೆ ದಪ್ಪ ಇದ್ದರೆ ತಳ್ಳುವ ಬಲವೂ ಹೆಚ್ಚುತ್ತದೆ. ಹೀಗೆ ಸಣ್ಣ ಪಂಪು ಭಾರಿ ಏಣಿಯನ್ನು ಎತ್ತುತ್ತದೆ. ಮೆಲ್ಲಗೆ, ಕುಲುಕದೆ ಎತ್ತುತ್ತದೆ.

ಕೆ.ಜಿ.ಎಫ್.ನವರಿಗೆ ಇದು ದೂರದ ಮಾತಲ್ಲ. ಬೆಮೆಲ್ ಸಂಸ್ಥೆ 1964ರಲ್ಲಿ ಶುರುವಾಯಿತು. ಅದರ ಕೆ.ಜಿ.ಎಫ್. ಕಾರ್ಖಾನೆಯಲ್ಲಿ ಬುಲ್ಡೋಜರ್, ಮಣ್ಣು ಅಗೆಯುವ ಯಂತ್ರಗಳು ತಯಾರಾಗುತ್ತವೆ. ಮಣ್ಣು ಅಗೆಯುವ ಯಂತ್ರದ ಕೈಯನ್ನು ಗಮನಿಸಿ. ಅದರ ಪಕ್ಕದಲ್ಲಿ ಹೊಳೆಯುವ ಉಕ್ಕಿನ ದಂಡ ಇರುತ್ತದೆ. ಅದು ಹೊರಗೆ ಬಂದರೆ, ಒಳಗೆ ಹೋದರೆ ಕೈ ಆಡುತ್ತದೆ. ಆ ದಂಡವನ್ನು ತಳ್ಳುವುದು ಎಣ್ಣೆಯೇ. ಮಣ್ಣು ಎತ್ತುವ ಬಲ, ಏಣಿ ಎತ್ತುವ ಬಲ ಎರಡೂ ಒಂದೇ.

ಇದೇ ಬಲದಿಂದ ಇನ್ನೊಂದು ಗಾಡಿ ಹುಟ್ಟಿತು. ಅಮೆರಿಕದ ಷಿಕಾಗೋ ನಗರದಲ್ಲಿ 1958ರಲ್ಲಿ ಅಲ್ಲಿಯ ಬೆಂಕಿ ದಳದ ಮುಖ್ಯಸ್ಥರು ಒಂದು ಹೊಸ ಪ್ರಯೋಗ ಮಾಡಿದರು. ಮರದ ಕೊಂಬೆ ಕತ್ತರಿಸುವವರು ಒಂದು ತೊಟ್ಟಿಲಲ್ಲಿ ನಿಂತು ಮೇಲೆ ಏರುತ್ತಿದ್ದರು. ಅಂಥ ತೊಟ್ಟಿಲನ್ನೇ ಬೆಂಕಿ ಆರಿಸಲು ಬಳಸಿದರು. ಅದರ ಉದ್ದನೆಯ ತೋಳು ನಮ್ಮ ಮೊಣಕೈ ಹಾಗೆ ಮಡಚುತ್ತದೆ. 1960ರ ದಶಕದಲ್ಲಿ ಬ್ರಿಟನ್ನಿಗೂ ಇದು ಬಂತು. ಮುದುಕರನ್ನು, ಮಕ್ಕಳನ್ನು, ಪೆಟ್ಟು ಬಿದ್ದವರನ್ನು ತೊಟ್ಟಿಲಲ್ಲಿ ಇಳಿಸುವುದು ಸುಲಭ. ಏಣಿಯಾದರೆ ಬೇಗ ಏಳುತ್ತದೆ, ಒಬ್ಬರ ಹಿಂದೆ ಒಬ್ಬರು ಇಳಿಯಬಹುದು. ಎರಡಕ್ಕೂ ಅದರದರ ಉಪಯೋಗ ಇದೆ.

ಏಣಿಗೂ ಮಿತಿ ಇದೆ

ಒಂದು ಲೆಕ್ಕ ಮಾಡೋಣ. 100 ಅಡಿ ಏಣಿ 100 ಅಡಿ ಎತ್ತರಕ್ಕೆ ಮುಟ್ಟುತ್ತದೆಯೆ? ಇಲ್ಲ. ಗಾಡಿ ಗೋಡೆಗೆ ಅಂಟಿ ನಿಲ್ಲುವುದಿಲ್ಲ. ಸ್ವಲ್ಪ ದೂರ ನಿಲ್ಲಬೇಕು. ಏಣಿ ವಾಲಬೇಕು. ಏಣಿಯ ಬುಡ ಗೋಡೆಯಿಂದ 60 ಅಡಿ ದೂರ ಇದ್ದರೆ, ಲೆಕ್ಕದ ಪ್ರಕಾರ ತುದಿ 80 ಅಡಿಗೆ ಮಾತ್ರ ಮುಟ್ಟುತ್ತದೆ. 20 ಅಡಿ ಹೋಯಿತು. ಅಂದರೆ ಸುಮಾರು ಎರಡು ಮಹಡಿ ಹೋಯಿತು!

ಬೀದಿಯಲ್ಲಿ ಕಾರು ನಿಲ್ಲಿಸಿದ್ದರೆ, ತಳ್ಳು ಗಾಡಿ ಅಡ್ಡ ಇದ್ದರೆ, ವಿದ್ಯುತ್ ತಂತಿ ಜೋತು ಬಿದ್ದಿದ್ದರೆ ಗಾಡಿ ಹತ್ತಿರಕ್ಕೆ ಬರಲು ಆಗುವುದಿಲ್ಲ. ಕಾಲು ಊರಲು ಜಾಗ ಸಿಗುವುದಿಲ್ಲ. ಆಗ ಎಷ್ಟು ಉದ್ದದ ಏಣಿ ಇದ್ದರೂ ಪ್ರಯೋಜನ ಇಲ್ಲ.

ಬ್ರಿಟನ್ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. 1960ರ ಜೂನ್ 22ರಂದು ಲಿವರ್‌ಪೂಲ್ ನಗರದ ಹೆಂಡರ್ಸನ್ಸ್ ಎಂಬ ದೊಡ್ಡ ಅಂಗಡಿಗೆ ಬೆಂಕಿ ಬಿತ್ತು. 11 ಜನ ಸತ್ತರು. ಏಣಿ ಒಂದನ್ನೇ ನಂಬಿ ಕೂರಬಾರದು ಎಂದು ಜನರಿಗೆ ಅರಿವಾಯಿತು. 1963ರಲ್ಲಿ ಅಂಗಡಿ, ಕಚೇರಿಗಳಿಗೆ ಕಾನೂನು ಬಂತು. ಬೆಂಕಿ ಬಿದ್ದರೆ ಹೊರಗೆ ಬರುವ ದಾರಿ ಕಟ್ಟಡದಲ್ಲೇ ಇರಬೇಕು ಎಂದಿತು ಆ ಕಾನೂನು.

ಗಣಿಯ ಪಾಠ

ಈ ಮಾತನ್ನು ಗಣಿಗಳು ನೂರು ವರ್ಷ ಮುಂಚೆಯೇ ಕಲಿತಿದ್ದವು.

ಬ್ರಿಟನ್ನಿನಲ್ಲಿ ಹಾರ್ಟ್ಲಿ ಎಂಬ ಕಲ್ಲಿದ್ದಲು ಗಣಿ ಇತ್ತು. ಒಳಗೆ ಹೋಗಲು, ಹೊರಗೆ ಬರಲು ಒಂದೇ ಬಾವಿ, ಒಂದೇ ಶಾಫ್ಟ್. 1862ರ ಜನವರಿಯಲ್ಲಿ ನೀರೆತ್ತುವ ಯಂತ್ರದ ದೊಡ್ಡ ತೊಲೆ ಮುರಿದು ಶಾಫ್ಟಿಗೆ ಬಿತ್ತು. ದಾರಿ ಮುಚ್ಚಿತು. ಕೆಳಗಿದ್ದವರಿಗೆ ಬೇರೆ ದಾರಿ ಇರಲಿಲ್ಲ. 204 ಜನ ಸತ್ತರು. ಅವರಲ್ಲಿ ಚಿಕ್ಕ ಹುಡುಗರೂ ಇದ್ದರು. ಅದೇ ವರ್ಷ ಕಾನೂನು ಆಯಿತು: ಗಣಿಗೆ ಎರಡು ದಾರಿ ಇರಲೇಬೇಕು.

ನಮ್ಮ ಚಿನ್ನದ ಗಣಿಯಲ್ಲಿ ಬ್ರಿಟನ್ನಿನ ಜಾನ್ ಟೇಲರ್ ಕಂಪನಿ 1880ರಲ್ಲಿ ಕೆಲಸ ಶುರುಮಾಡಿತು. ಸ್ವಾತಂತ್ರ್ಯ ಬಂದ ಮೇಲೆ, 1961ರಲ್ಲಿ ನಮ್ಮ ದೇಶದಲ್ಲಿ ಲೋಹದ ಗಣಿಗಳಿಗೆ ನಿಯಮಗಳನ್ನು ಮಾಡಿದರು. ಅಲ್ಲೂ ಇದೇ ಮಾತು ಬಂತು. ಹೊರಗೆ ಬರಲು ಎರಡು ದಾರಿ.

ನೆಲದ ಕೆಳಗೆ ಇದು ಎಷ್ಟು ನಿಜವೋ ನೆಲದ ಮೇಲೂ ಅಷ್ಟೇ ನಿಜ.

ನಮ್ಮ ಬೆಂಗಳೂರಿನಲ್ಲಿ

ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ದಳಕ್ಕೆ 1964ರಲ್ಲಿ ಕಾಯಿದೆ ಆಯಿತು. ಆಗ ಬೆಂಗಳೂರಿನಲ್ಲಿ ಎತ್ತರದ ಕಟ್ಟಡಗಳು ಕಡಿಮೆ. ಆಮೇಲೆ ಊರು ಬೆಳೆಯಿತು. ಕಟ್ಟಡಗಳೂ ಬೆಳೆದವು.

2010ರ ಫೆಬ್ರವರಿ 23. ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡ. ಹಾಡುಹಗಲಲ್ಲಿ ಬೆಂಕಿ ಬಿತ್ತು. ಹೊಗೆ ಮಹಡಿಯಿಂದ ಮಹಡಿಗೆ ಹತ್ತಿತು. ಜನ ಕಿಟಕಿಯ ಗಾಜು ಒಡೆದರು. ಉಸಿರು ಕಟ್ಟಿ ಕೆಲವರು ಕೆಳಕ್ಕೆ ಹಾರಿದರು. 9 ಜನ ಸತ್ತರು. ಹಲವರಿಗೆ ಪೆಟ್ಟಾಯಿತು. ಕೆಲಸಕ್ಕೆ ಹೋದವರು ಸಂಜೆ ಮನೆಗೆ ಬರಲಿಲ್ಲ.

ತುರ್ತು ದಾರಿಗಳು ತೆರೆದಿರಲಿಲ್ಲ ಎಂಬುದು ಆಮೇಲೆ ದೊಡ್ಡ ಸುದ್ದಿಯಾಯಿತು. ದಾರಿ ಇದ್ದರೆ ಸಾಲದು, ಬಾಗಿಲು ತೆಗೆಯುವ ಹಾಗೆ ಇರಬೇಕು.

ಏಣಿಗಳೂ ಬೆಳೆದವು. 2023ರಲ್ಲಿ ನಮ್ಮ ರಾಜ್ಯದ ಅಗ್ನಿಶಾಮಕ ಇಲಾಖೆಗೆ 90 ಮೀಟರ್ ಎತ್ತರಕ್ಕೆ ಏರುವ ಗಾಡಿ ಬಂತು. ಅದು ಫಿನ್ಲೆಂಡ್ ದೇಶದ್ದು. ತುದಿಯಲ್ಲಿ ತೊಟ್ಟಿಲು ಇದೆ. ಯುದ್ಧದ ನಂತರದ ಬ್ರಿಟನ್ನಿನ ಏಣಿಗಿಂತ ಮೂರು ಪಟ್ಟು ಎತ್ತರ. ಇದು ಸಂತೋಷದ ವಿಷಯ. ಆದರೆ ಇಂಥ ಗಾಡಿ ಬೀದಿಗೊಂದು ಇರುವುದಿಲ್ಲ. ದೂರದಿಂದ ಬರಬೇಕು. ಗಾಡಿಗಳ ಸಂದಣಿ ದಾಟಿ ಬರಬೇಕು. ನಿಲ್ಲಲು ಜಾಗ ಬೇಕು.

ಲಂಡನ್ನಿನಲ್ಲೇ ಏನಾಯಿತು ನೋಡಿ. 2017ರ ಜೂನ್ 14ರಂದು ಗ್ರೆನ್‌ಫೆಲ್ ಟವರ್ ಎಂಬ 24 ಮಹಡಿಯ ಕಟ್ಟಡ ಹತ್ತಿ ಉರಿಯಿತು. ಅದರ ಎತ್ತರ ಸುಮಾರು 67 ಮೀಟರ್. ಆಗ ಲಂಡನ್ ದಳದ ಹತ್ತಿರ ಇದ್ದ ಗಾಡಿಗಳು ಹೆಚ್ಚೆಂದರೆ 32 ಮೀಟರ್ ಎತ್ತರಕ್ಕೆ ಏರುತ್ತಿದ್ದವು. ಕಟ್ಟಡಕ್ಕೆ ಇದ್ದದ್ದು ಒಂದೇ ಮೆಟ್ಟಿಲು. 72 ಜನ ಸತ್ತರು.

ಆಮೇಲೆ ಎರಡು ಕೆಲಸ ಆಯಿತು. 2021ರಲ್ಲಿ ಲಂಡನ್ ದಳಕ್ಕೆ 64 ಮೀಟರ್ ಏಣಿ ಬಂತು. 2023ರಲ್ಲಿ ಅಲ್ಲಿಯ ಸರಕಾರ ಇನ್ನೊಂದು ತೀರ್ಮಾನ ಮಾಡಿತು. ಇಂಗ್ಲೆಂಡಿನಲ್ಲಿ ಇನ್ನು ಮುಂದೆ ಕಟ್ಟುವ 18 ಮೀಟರಿಗಿಂತ ಎತ್ತರದ ವಾಸದ ಕಟ್ಟಡಗಳಿಗೆ ಎರಡನೇ ಮೆಟ್ಟಿಲು ಬೇಕು ಎಂದಿತು.

1862ರಲ್ಲಿ ಗಣಿಗೆ ಹೇಳಿದ ಮಾತು 160 ವರ್ಷ ಆದ ಮೇಲೆ ಮನೆಗೂ ಬಂತು.

ನಾವು ಮಾಡಬಹುದಾದ್ದು

ಏಣಿ ಗಾಡಿಯನ್ನು ನಾವು ಕೊಳ್ಳಲು ಆಗುವುದಿಲ್ಲ. ಆದರೆ ಎರಡನೇ ದಾರಿ ಎಲ್ಲಿದೆ ಎಂದು ನೋಡಿಕೊಳ್ಳಬಹುದು. ಇದಕ್ಕೆ ಕಾಸು ಬೇಡ.

ನೀವು ಕೆಲಸ ಮಾಡುವ ಕಟ್ಟಡದಲ್ಲಿ ಇನ್ನೊಂದು ಮೆಟ್ಟಿಲು ಎಲ್ಲಿದೆ? ಒಂದು ದಿನ ಅದರಲ್ಲಿ ಇಳಿದು ನೋಡಿ. ಎಷ್ಟು ಹೆಜ್ಜೆ ಎಂದು ಎಣಿಸಿ. ಹೊಗೆಯಲ್ಲಿ ಕಣ್ಣು ಕಾಣದಿದ್ದರೂ ಲೆಕ್ಕ ನೆನಪಿರುತ್ತದೆ.

ಆ ಬಾಗಿಲಿಗೆ ಬೀಗ ಇದೆಯೆ? ಮೆಟ್ಟಿಲ ಮೇಲೆ ಪೆಟ್ಟಿಗೆ, ಬಟ್ಟೆ ಮೂಟೆ ಇಟ್ಟಿದ್ದಾರೆಯೆ? ಹಾಗಿದ್ದರೆ ಕೇಳಿ. ಒಬ್ಬರೇ ಕೇಳೋಕೆ ಹೆದರಿಕೆ ಆದರೆ ನಾಲ್ಕು ಜನ ಸೇರಿ ಕೇಳಿ. ಇದು ಬೇಡಿಕೊಳ್ಳುವ ವಿಷಯ ಅಲ್ಲ. ಬೆಂಕಿ ಬಿದ್ದರೆ ಕಾರ್ಮಿಕರು ಹೊರಬರಲು ಸುರಕ್ಷಿತ ದಾರಿ ಇರಬೇಕು, ಆ ದಾರಿ ಅವರಿಗೆ ಗೊತ್ತಿರಬೇಕು ಎಂಬ ಮಾತು 1948ರ ಕಾರ್ಖಾನೆ ಕಾಯಿದೆಯಲ್ಲೇ ಬಂದಿತ್ತು.

ಬೆಂಕಿ ಬಿದ್ದರೆ ಲಿಫ್ಟ್ ಹತ್ತಬೇಡಿ. ಕರೆಂಟು ಹೋದರೆ ನಡುವೆ ಸಿಕ್ಕಿಕೊಳ್ಳುತ್ತೀರಿ. ಮೆಟ್ಟಿಲಲ್ಲೇ ಇಳಿಯಿರಿ.

ಹೊಗೆ ಇದ್ದರೆ ಬಗ್ಗಿ, ಬೇಕಾದರೆ ತೆವಳಿ ಹೋಗಿ. ಹೊಗೆ ಮೇಲೆ ಇರುತ್ತದೆ. ಉಸಿರಾಡುವ ಗಾಳಿ ನೆಲದ ಹತ್ತಿರ ಇರುತ್ತದೆ.

ಇಳಿಯಲು ಆಗದಿದ್ದರೆ ಹೊಗೆ ಇಲ್ಲದ ಕೋಣೆಗೆ ಹೋಗಿ ಬಾಗಿಲು ಹಾಕಿ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ. ಕಿಟಕಿಯಲ್ಲಿ ನಿಂತು ಬಟ್ಟೆ ಬೀಸಿ. ಏಣಿಯವರಿಗೆ ಕಾಣಬೇಕು.

101ಕ್ಕೆ ಅಥವಾ 112ಕ್ಕೆ ಫೋನು ಮಾಡಿ. ಊರು, ಬೀದಿ, ಹತ್ತಿರದ ಗುರುತು ಹೇಳಿ. ಎಷ್ಟನೇ ಮಹಡಿ ಎಂದು ಹೇಳುವುದನ್ನು ಮರೆಯಬೇಡಿ. ಯಾವ ಏಣಿ ಕಳಿಸಬೇಕು ಎಂಬುದು ಅದರಿಂದಲೇ ತಿಳಿಯುತ್ತದೆ.

ಗಂಟೆ ಬಾರಿಸುತ್ತ ಕೆಂಪು ಗಾಡಿ ಬಂದರೆ ದಾರಿ ಬಿಡಿ. ಸಂತೆ ಬೀದಿಯಲ್ಲಿ ನಿಮ್ಮ ಗಾಡಿ ಅಡ್ಡ ಇದ್ದರೆ ತೆಗೆಯಿರಿ. ಆ ಒಂದು ನಿಮಿಷದಲ್ಲಿ ಯಾರದೋ ಪ್ರಾಣ ಇದೆ.

ಓದಿದ ಅಕ್ಷರ ಕಾಯುತ್ತದೆ

ದೊಡ್ಡ ಕಟ್ಟಡಗಳಲ್ಲಿ ಹಸಿರು ಹಲಗೆ ಇರುತ್ತದೆ. ಅದರ ಮೇಲೆ ಬಾಗಿಲ ಕಡೆಗೆ ಓಡುವ ಮನುಷ್ಯನ ಚಿತ್ರ. ಕೆಲವು ಕಡೆ ಕನ್ನಡದಲ್ಲಿ ಎರಡು ಪದ ಬರೆದಿರುತ್ತಾರೆ:

ತುರ್ತು ನಿರ್ಗಮನ

ತುರ್ತು ಅಂದರೆ ಅವಸರ. ನಿರ್ಗಮನ ಅಂದರೆ ಹೊರಗೆ ಹೋಗುವ ದಾರಿ. ಅವಸರದಲ್ಲಿ ಹೊರಗೆ ಹೋಗುವ ದಾರಿ ಎಂದು ಅರ್ಥ.

ಈ ಪದಗಳನ್ನು ಒಮ್ಮೆ ಜೋರಾಗಿ ಓದಿ. ಸ್ಲೇಟಿನ ಮೇಲೆ ಬರೆಯಿರಿ. ರೈಲಿನಲ್ಲಿ ಪಕ್ಕದಲ್ಲಿ ಕೂತವರಿಗೂ ಹೇಳಿಕೊಡಿ. ನಾಳೆ ಕೆಲಸಕ್ಕೆ ಹೋದಾಗ ಈ ಹಲಗೆ ಎಲ್ಲಿದೆ ಎಂದು ಹುಡುಕಿ.

ಏಣಿ ಹೊರಗಿನಿಂದ ಬರುವ ದಾರಿ. ಅದು ಬರುವವರೆಗೆ ಕಾಯಬೇಕು. ಈ ಹಲಗೆ ತೋರಿಸುವ ದಾರಿ ನಿಮ್ಮ ಹತ್ತಿರವೇ ಇದೆ. ನೋಡಿಟ್ಟುಕೊಂಡಿದ್ದರೆ ಸಾಕು.

ಯೋಚಿಸಿ, ಮಾತಾಡಿ

1. ತಿರುಗುವ ಏಣಿಗೂ ರಾಗಿ ಬೀಸುವ ಕಲ್ಲಿಗೂ ಏನು ಹೋಲಿಕೆ?
2. 100 ಅಡಿ ಏಣಿ 100 ಅಡಿ ಎತ್ತರಕ್ಕೆ ಯಾಕೆ ಮುಟ್ಟುವುದಿಲ್ಲ?
3. ಹಾರ್ಟ್ಲಿ ಗಣಿಯಲ್ಲಿ ಎರಡನೇ ದಾರಿ ಇದ್ದಿದ್ದರೆ ಏನಾಗುತ್ತಿತ್ತು?
4. ನಿಮ್ಮ ಬೀದಿಗೆ ಅಗ್ನಿಶಾಮಕ ಗಾಡಿ ಬರಲು ಜಾಗ ಇದೆಯೆ? ಇಲ್ಲದಿದ್ದರೆ ಏನು ಮಾಡಬಹುದು?
5. ನಿಮ್ಮ ಮನೆಯಿಂದ, ಕೆಲಸದ ಜಾಗದಿಂದ ಹೊರಗೆ ಬರಲು ಎರಡನೇ ದಾರಿ ಯಾವುದು? ಚಿತ್ರ ಬರೆದು ತೋರಿಸಿ.